ಕುಂಬಾರ ಓಣಿಗೆ ಕೊಟ್ಟ ಮಾತು

ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಈ ಮೂರೂ ತಾಲೂಕುಗಳ ಪೌರಸೇವೆಯಲ್ಲಿ ಮೂರು ದಶಕಗಳಿಗೂ ಮೇಲ್ಪಟ್ಟು ದುಡಿದು ಈಚೆಗೆ ನಿವೃತ್ತರಾದ ಕಿರಿಯ ಅಭಿಯಂತರ ಶ್ರೀ ಬಸವಣ್ಣೆಪ್ಪ ಯಲಿಗಾರ ಅವರ ಹೆಸರನ್ನು ಕೇಳದವರು ಈ ಭಾಗದಲ್ಲೇ ಬಹಳ ಮಂದಿ ಇದ್ದಾರು. ಅದರಲ್ಲಿ ಅಚ್ಚರಿಪಡುವಂಥದ್ದೇನಿಲ್ಲ. ಸೇತುವೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ, ಶಾಲೆ ಕಟ್ಟಿಸಿದವರ ಹೆಸರು ಬಾಗಿಲ ಮೇಲೆ ಉಳಿಯುತ್ತದೆ. ರಸ್ತೆಯ ಕೆಳಗೆ ನೀರಿನ ಪೈಪು ಹಾಕಿಸಿದವರ ಹೆಸರು ಜನರ ಬಾಯಿಗೆ ಬರುವುದು ಆ ಪೈಪು ಒಡೆದ ದಿನ, ಅದೂ ಬೈಗುಳದ ಜೊತೆಗೆ. ಆ ಬೈಗುಳವನ್ನು ಸಂಬಳದ ಜೊತೆಗೇ ಬರುವ ಭತ್ಯೆಯಂತೆ ಸುಮ್ಮನೆ ಸ್ವೀಕರಿಸುತ್ತ ಬಂದವರು ನಮ್ಮ ಯಲಿಗಾರರು.

ಅಭಿನಂದನ ಸಮಿತಿಯವರು ಈ ಸಂಪುಟದ ವಿಚಾರವನ್ನು ಹೊತ್ತು ಅವರ ಮನೆಗೆ ಹೋದಾಗ ಯಲಿಗಾರರು ಮೊದಲು ಬೇಡವೆಂದರು, ಎರಡನೆಯ ಸಲ ಹೋದಾಗಲೂ ಬೇಡವೆಂದರು, ಮೂರನೆಯ ಸಲ ಅವರ ಶ್ರೀಮತಿ ಸರೋಜವ್ವನವರು ನಡುವೆ ಬಾಯಿ ಹಾಕಿದ ಮೇಲೆ ಒಂದು ಕರಾರಿನ ಮೇಲೆ ಒಪ್ಪಿದರು. "ಬರೀರಿ. ಆದ್ರ ಕುಂಬಾರ ಓಣಿ ಬಿಟ್ಟು ಬರೀಬ್ಯಾಡ್ರಿ" ಎಂದರು. ಸಮಿತಿಯ ಹಿರಿಯರೊಬ್ಬರಿಗೆ ಇದು ಸರಿಬರಲಿಲ್ಲ. ಅಭಿನಂದನ ಗ್ರಂಥವೆಂದರೆ ಇಲಾಖಾ ವಿಚಾರಣೆಯ ವರದಿಯೇ ಎಂದು ಅವರು ಗೊಣಗಿದ್ದು ನಿಜ. ಗೊಣಗಲಿ. ಕುಂಬಾರ ಓಣಿಯನ್ನು ಬಿಟ್ಟು ಯಲಿಗಾರರನ್ನು ಹೊಗಳುವುದು ನಮಗೆ ಸುಲಭ, ಅದನ್ನು ಕುಳಿತು ಓದುವುದು ಅವರಿಗೆ ಕಷ್ಟ.

ಸವಣೂರಿನ ಎಲೆಬಳ್ಳಿಯ ತೋಟಗಳ ಮಗ್ಗುಲಲ್ಲೇ ಅವರ ಬಾಲ್ಯ ಕಳೆಯಿತು. ತಂದೆಯವರು ಎಲೆ ವ್ಯಾಪಾರಸ್ಥರು. ಒದ್ದೆ ಅರಿವೆಯಲ್ಲಿ ಕವಳಿಗಳನ್ನು, ಅಂದರೆ ಎಲೆಯ ಕಟ್ಟುಗಳನ್ನು, ಸುತ್ತಿ, ಅರಿವೆ ಒಣಗದಂತೆ ಗಳಿಗೆಗೊಮ್ಮೆ ನೀರು ಚಿಮುಕಿಸುವ ಕೆಲಸ ಮಗನದಾಗಿತ್ತು. ನೀರು ಒಂದು ಹೊತ್ತು ತಪ್ಪಿದರೆ ಎಲೆಯ ಅಂಚು ಕಂದುತ್ತದೆ, ಕಂದಿದ ಎಲೆಯನ್ನು ಯಾರೂ ಕೊಳ್ಳುವುದಿಲ್ಲ ಎಂಬ ಪಾಠ ಅಲ್ಲೇ ಆಯಿತು. ಮುಂದೆ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿದ ಅವರು ಸೇವೆಗೆ ಸೇರಿದ್ದು ಶಿಗ್ಗಾಂವಿಯಲ್ಲಿ.

ಅಲ್ಲಿಯ ಒಂದು ಪ್ರಸಂಗವನ್ನು ಹಳೆಯ ಸಹೋದ್ಯೋಗಿಗಳು ಈಗಲೂ ನಗುತ್ತ ನೆನೆಯುತ್ತಾರೆ. ನಳದ ಪಟ್ಟಿ, ಅಂದರೆ ನೀರಿನ ಕರ, ಕಟ್ಟದವರ ನಳ ಕಡಿಯಲು ಮೇಲಿನಿಂದ ಆದೇಶ ಬಂದಿತ್ತು. ತರುಣ ಅಭಿಯಂತರರು ಕಟ್ಟುನಿಟ್ಟಾಗಿಯೇ ಹೊರಟರು. ಆದರೆ ಬಾಣಂತಿ ಇರುವ ಮನೆಯ ನಳಕ್ಕೆ ಕೈ ಹಚ್ಚಬಾರದೆಂದು ಕೆಲಸಗಾರರಿಗೆ ತಾಕೀತು ಮಾಡಿದ್ದರು. ಸುದ್ದಿ ಅವರಿಗಿಂತ ಮುಂಚೆಯೇ ಓಣಿ ಹೊಕ್ಕಿತು. ಮೂರನೆಯ ಮನೆಯಿಂದ ಮುಂದೆ ಮನೆಗೊಬ್ಬಳು ಬಾಣಂತಿ! ಒಂದು ಮನೆಯಲ್ಲಂತೂ ಹಲ್ಲೆಲ್ಲ ಉದುರಿದ ಅಜ್ಜಿಯೊಬ್ಬಳು ತಲೆಗೆ ಬಟ್ಟೆ ಕಟ್ಟಿಕೊಂಡು, ಕೌದಿ ಹೊದ್ದು ಮಲಗಿದ್ದಳಂತೆ. "ಕೂಸೆಲ್ಲಿ ಐತವ್ವ?" ಎಂದು ಯಲಿಗಾರರು ಕೇಳಿದರೆ, "ಕೂಸು ಊರಿಗೆ ಹೋಗೇತ್ರಿ" ಎಂದಳಂತೆ ಅಜ್ಜಿ. ಯಲಿಗಾರರು ಮುಖ ಗಂಭೀರ ಮಾಡಿಕೊಂಡು, ಕೂಸು ಬಂದ ಮೇಲೆ ಪಟ್ಟಿ ಕಟ್ಟಬೇಕೆಂದು ಹೇಳಿ ಹೊರಬಿದ್ದರು. ವಾರದೊಳಗೆ ಆ ಓಣಿಯ ಮುಕ್ಕಾಲು ಮಂದಿ ತಾವಾಗಿಯೇ ಬಂದು ಕಟ್ಟಿದರು. ಜನರ ಮಾತನ್ನು ತಾನು ನಂಬಿದರೆ ಜನ ತನ್ನ ಮಾತನ್ನು ನಂಬುತ್ತಾರೆ ಎಂಬುದು ಅಂದಿನಿಂದ ಅವರ ಕೆಲಸದ ರೀತಿಯೇ ಆಗಿಹೋಯಿತು. ಆ ರೀತಿಯೇ ಮುಂದೆ ಅವರನ್ನು ಎಲ್ಲಿಗೆ ತಂದು ನಿಲ್ಲಿಸಿತೆಂಬುದನ್ನು ಹೇಳಬೇಕಾಗಿದೆ.

ಹಿರೇಕೆರೂರಿನಲ್ಲಿ ಅವರಿದ್ದ ಕಾಲವನ್ನು ಸರೋಜವ್ವನವರು ತಮ್ಮ ಸಂಸಾರದ ಸುಖದ ಕಾಲವೆನ್ನುತ್ತಾರೆ. ಸಂತೆಯ ದಿನ ಅಗೆತ ಇಟ್ಟುಕೊಳ್ಳಬಾರದು, ಮೆಕ್ಕೆಜೋಳದ ಗಾಡಿಗಳು ನಿಲ್ಲುವ ಕಡೆ ತಗ್ಗು ತೋಡಿ ಹಾಗೇ ಬಿಡಬಾರದು, ಮುಚ್ಚಿದ ಮೇಲೆ ಒಂದು ಸಲ ತಾನೇ ನಡೆದು ನೋಡಬೇಕು ಎಂಬಂಥ ಸಣ್ಣಸಣ್ಣ ನೇಮಗಳನ್ನು ಅವರು ಅಲ್ಲಿ ರೂಢಿಸಿಕೊಂಡರು. ಎರಡು ಹೆಣ್ಣುಮಕ್ಕಳ ಶಾಲೆ, ಸಂಜೆಯ ಹೊತ್ತು ಬಸ್‌ಸ್ಟ್ಯಾಂಡಿನ ಕಡೆ ಒಂದು ತಿರುಗಾಟ, ಬಂದವರಿಗೆಲ್ಲ ಚಹಾ. ಅಲ್ಲಿಂದ ಅವರಿಗೆ ವರ್ಗವಾದದ್ದು ಅಕ್ಕಿಆಲೂರಿನ ಆಚೆಗಿರುವ ನಮ್ಮ ಹಿರೇಹೊಂಡ ಪಟ್ಟಣ ಪಂಚಾಯಿತಿಗೆ.

ಹಿರೇಹೊಂಡವನ್ನು ಕಾಣದ ಓದುಗರಿಗೆ ಒಂದು ಮಾತು ಹೇಳಿ ಮುಂದುವರಿಯಬೇಕು. ನಮ್ಮೂರ ಪೈಪುಗಳು ಅಜ್ಜಂದಿರ ಕಾಲದವು. ತುಕ್ಕು ಕಟ್ಟಿ ಕಟ್ಟಿ ಒಳಗಿನ ತೂತು ಹೆಬ್ಬೆರಳು ಹೋಗುವಷ್ಟಾಗಿದೆ. ವಾರಕ್ಕೊಮ್ಮೆ ವರದಾ ನದಿಯ ನೀರು ಬಿಟ್ಟಾಗ ಅದು ನೆಲಮಟ್ಟಕ್ಕೂ ಏರುವುದಿಲ್ಲವಾದ್ದರಿಂದ, ಮನೆಮನೆಯ ಮುಂದೆ ಆಳುದ್ದದ ತಗ್ಗು ತೋಡಿ, ನಳವನ್ನೇ ಅದರೊಳಗೆ ಇಳಿಸಿ, ಮೇಲೆ ಫರಸಿಕಲ್ಲು ಮುಚ್ಚಿಡುವುದು ಇಲ್ಲಿಯ ಪದ್ಧತಿ. ನೀರು ಬಂದ ದಿನ ಕಲ್ಲು ಸರಿಸಿ ಹೆಣ್ಣುಮಕ್ಕಳು ತಗ್ಗಿನಲ್ಲಿಳಿದು ಕೊಡ ತುಂಬುತ್ತಾರೆ. ಉಳಿದ ದಿನ ಪಕ್ಕದ ಗಟಾರದ ನೀರು ಆ ತಗ್ಗಿಗೆ ಬಸಿಯುತ್ತದೆ, ನಳದ ನೀರು ನಿಂತ ಕೂಡಲೆ ಖಾಲಿ ಪೈಪು ಆ ಹೊಲಸನ್ನೇ ಒಳಗೆ ಎಳೆದುಕೊಳ್ಳುತ್ತದೆ. ಒಳಚರಂಡಿಗೆಂದು ಒಮ್ಮೆ ರಸ್ತೆ ಅಗೆದದ್ದುಂಟು. ಕಬ್ಬಿಣದ ಮುಚ್ಚಳಗಳು ಬಂದವು, ಚರಂಡಿ ಬರಲಿಲ್ಲ, ಅದರ ಕರ ಮಾತ್ರ ರಶೀದಿಯಲ್ಲಿ ಉಳಿಯಿತು.

ಈ ಪೈಪುಗಳನ್ನು ಕಿತ್ತು ಹೊಸವನ್ನು ಹಾಕಬೇಕೆಂದರೆ ನಳದ ಪಟ್ಟಿ ಏರಿಸಬೇಕು. ಪಟ್ಟಿ ಏರಿಸೋಣವೆಂದರೆ ನೀರೇ ಬರುವುದಿಲ್ಲ, ಪಟ್ಟಿ ಯಾಕೆ ಕೊಡಬೇಕೆಂದು ಜನ ಕೇಳುತ್ತಾರೆ. ಯಲಿಗಾರರು ಹಳೆಯ ಪೈಪಿನ ಒಂದು ತುಂಡನ್ನು ಕೊಯ್ಯಿಸಿ ಸಭೆಗೆ ಒಯ್ದು ಸದಸ್ಯರ ಮುಂದೆ ಇಟ್ಟರು. ಅದು ಕೈಯಿಂದ ಕೈಗೆ ಹೋಗಿ ಮರಳಿ ಬಂತು. ಆಗಿನ ಅಧ್ಯಕ್ಷರಾದ ಶಂಭುಲಿಂಗ ಅವರು ಕೆಟ್ಟವರೇನಲ್ಲ, ಊರ ಮೇಲೆ ಕಕ್ಕುಲಾತಿ ಇದ್ದವರು. "ಸಾಹೇಬ್ರ, ಪೈಪಿನ ಬಗ್ಗೆ ಏನ ಹೇಳ್ತೀರಿ ಹೇಳ್ರಿ, ಕೇಳ್ತೇನಿ. ಪಟ್ಟಿ ಏರಸೂ ಮಾತು ಮಾತ್ರ ನನ್ನ ಬಾಯಿಂದ ಆಡಸಬ್ಯಾಡ್ರಿ" ಎಂದರು.

ಯಲಿಗಾರರು ಆಗ ಒಂದು ಉಪಾಯ ಹೂಡಿದರು. ಊರಿಗೆಲ್ಲ ಬೇಡ, ಒಂದೇ ಓಣಿಯವರು ತಾವಾಗಿ ಇಮ್ಮಡಿ ಪಟ್ಟಿ ಕಟ್ಟಲು ಒಪ್ಪಿದರೆ, ಆ ಹಣವನ್ನು ಬೇರೆಯೇ ತೆಗೆದಿಟ್ಟು, ತಗ್ಗುಗಳನ್ನು ಮುಚ್ಚಿಸಿ, ಆ ಓಣಿಗೇ ಹೊಸ ಪೈಪು ಹಾಕಬೇಕು. ಅಲ್ಲಿ ಶುದ್ಧ ನೀರು ನೆಲದ ಮೇಲೆ ಏರಿ ಬಂದದ್ದನ್ನು ಕಂಡ ಮೇಲೆ ಉಳಿದ ಓಣಿಗಳು ತಾವೇ ಕೇಳಿಕೊಂಡು ಬರುತ್ತವೆ. ಸಭೆ ಒಪ್ಪಿತು. ಒಪ್ಪುವ ಓಣಿ ಎಲ್ಲಿಯೂ ಸಿಕ್ಕದೆಂಬ ಧೈರ್ಯದಿಂದ ಒಪ್ಪಿತು ಎಂದು ಹೇಳಿದರೂ ತಪ್ಪಾಗಲಾರದು.

ಆದರೆ ಕುಂಬಾರ ಓಣಿ ಸಿಕ್ಕಿತು. ಕೆರೆಯ ಕಡೆಯಿಂದ ಏರು ಹತ್ತುವ ಆ ಓಣಿಯ ತುದಿಯ ಮನೆ ಸಾವಂತ್ರವ್ವನವರದು. ಗಡಿಗೆ ಮಾರುತ್ತ ಸುತ್ತಲಿನ ಸಂತೆಗಳನ್ನೆಲ್ಲ ಕಂಡ ಹೆಣ್ಣುಮಗಳು. ಓಣಿಯಲ್ಲಿ ಆಕೆಯ ಮಾತಿಗೆ ಎದುರಿಲ್ಲ. ಯಲಿಗಾರರು ಹೇಳಿದ್ದನ್ನೆಲ್ಲ ಕಟ್ಟೆಯ ಮೇಲೆ ಕುಳಿತು ಕೇಳಿದ ಆಕೆ, "ಪಟ್ಟಿ ಕಟ್ತೇವ್ರಿ. ತಗ್ಗು ಮುಚ್ಚೂದೂ ಒಂದು ದಿನದ ಕೆಲಸ. ಪೈಪ್ ಯಾವಾಗ್ರಿ?" ಎಂದು ಕೇಳಿದರು.

"ಈ ಬ್ಯಾಸಿಗಿ ಮುಗಿಯೂದ್ರಾಗ. ನನ್ನ ಮಾತು, ಅವ್ವ" ಎಂದರು ಯಲಿಗಾರರು.

ಪೈಪು ಬಂದು ಬೀಳುವ ಮೊದಲೇ ತಗ್ಗು ಮುಚ್ಚಿಸಿದ್ದು ಅವರು ಮಾಡಿದ ತಪ್ಪು. ತಿಳಿಯದೆ ಮಾಡಿದ್ದಲ್ಲ. ಓಣಿಯವರು ಇಷ್ಟು ಮುಂದೆ ಬಂದದ್ದನ್ನು ಕಣ್ಣಾರೆ ಕಂಡರೆ ಸಭೆಯವರು ಹಿಂದೆ ಸರಿಯಲು ನಾಚಿಕೊಂಡಾರು ಎಂಬುದು ಅವರ ಎಣಿಕೆಯಾಗಿತ್ತು. ಸಭೆಗಳು ನಾಚಿಕೊಳ್ಳುತ್ತವೆಂದು ಅಷ್ಟು ವರ್ಷ ಸೇವೆ ಸಲ್ಲಿಸಿದವರು ಹೇಗೆ ನಂಬಿದರೋ, ನಮಗಂತೂ ತಿಳಿಯದು.

ಮುಚ್ಚಿದ ದಿನ ಓಣಿಯ ಹೆಣ್ಣುಮಕ್ಕಳು ಅದನ್ನು ಬರಿ ಮಣ್ಣಿನ ಕೆಲಸವಾಗಿ ಮಾಡಲಿಲ್ಲ. ಇಷ್ಟು ವರ್ಷ ನೀರುಣಿಸಿದ ತಗ್ಗು, ಗಂಗವ್ವನ ಜಾಗ ಎಂದು ಪ್ರತಿ ತಗ್ಗಿನ ಅಂಚಿಗೆ ಅರಿಷಿಣ ಕುಂಕುಮ ಏರಿಸಿ, ಕುಬಸದ ಬಟ್ಟೆಯ ಕಣ, ಅಕ್ಕಿ, ಕೊಬ್ಬರಿ ಬಟ್ಟಲಿಟ್ಟು, ಮಗಳನ್ನು ಕಳಿಸಿಕೊಡುವಂತೆ ಉಡಿ ತುಂಬಿ, ಆಮೇಲೆ ಮಣ್ಣು ಎಳೆದರು. ಸಾವಂತ್ರವ್ವನವರ ಸೊಸೆ ಮಂಜುಳಾ ಹೊಸ ಸೀರೆಯುಟ್ಟು ಯಲಿಗಾರರಿಗೂ ಸಕ್ಕರೆ ಕೊಟ್ಟಳು. ಅವರು ಅಂದು ಮನೆಗೆ ಬಂದು ಆ ಸಕ್ಕರೆಯ ಸುದ್ದಿಯನ್ನೇ ಹೇಳುತ್ತಿದ್ದರೆಂದು ಸರೋಜವ್ವನವರು ಹೇಳುತ್ತಾರೆ.

ಪೈಪಿನ ಟೆಂಡರು ಇನ್ನೇನು ಕರೆಯಬೇಕು ಎನ್ನುವಾಗ, ನದಿಯ ಪಂಪುಮನೆಯ ವಿದ್ಯುತ್ ಬಾಕಿಗಾಗಿ ಕರೆಂಟು ಕಡಿಯುವ ನೋಟಿಸು ಬಂತು. ಕರೆಂಟು ಹೋದರೆ ಊರಿಗೆ ಊರೇ ನೀರಿಲ್ಲದೆ ಕೂಡಬೇಕು. ಖಜಾನೆಯಲ್ಲಿ ಕೈಗೆ ಸಿಗುವಂತಿದ್ದದ್ದು ಕುಂಬಾರ ಓಣಿಯವರು ಕಟ್ಟಿದ, ಅವರ ಹೆಸರಿನಲ್ಲಿ ತೆಗೆದಿಟ್ಟ ಹಣವೊಂದೇ. ಶಂಭುಲಿಂಗರು ಯಲಿಗಾರರ ಕೋಣೆಗೆ ತಾವೇ ಬಂದು ಕುಳಿತರು. "ಎರಡ ತಿಂಗಳ ಕೈಗಡ ಅಂತ ತಿಳೀರಿ. ಒಂದ ಓಣಿ ಸಲುವಾಗಿ ಊರು ಒಣಗಸೂದ ಏನ್ರಿ?" ಎಂದರು. ಯಲಿಗಾರರು ಒಪ್ಪಿಗೆಯ ರುಜು ಹಾಕಿದರು. ಅವರ ಜಾಗದಲ್ಲಿ ನಾವಿದ್ದರೂ ಹಾಕುತ್ತಿದ್ದೆವು. ಊರಿಗೆ ನೀರು ಬಂತು. ಎರಡು ತಿಂಗಳು ತುಂಬುವಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು, ನೀತಿ ಸಂಹಿತೆ ಬಂತು, ಹೊಸ ಕೆಲಸಗಳೆಲ್ಲ ನಿಂತವು. ಅದು ಮುಗಿಯುವ ಹೊತ್ತಿಗೆ ಮುಂಗಾರು ಕೂತಿತ್ತು, ಆ ಹಣ ಇನ್ನೊಂದು ಬಾಕಿಗೆ ಹೋಗಿತ್ತು.

ತಗ್ಗಿಲ್ಲದ ಕುಂಬಾರ ಓಣಿಯ ನಳಗಳಿಗೆ ಈಗ ಹನಿ ನೀರೂ ಏರಲಿಲ್ಲ. ಬೇರೆ ಓಣಿಯವರು ಆಡಿಕೊಂಡು ನಕ್ಕರು. ಯಲಿಗಾರರು ಟ್ಯಾಂಕರು ಕಳಿಸಿದರು. ಅದು ಇಕ್ಕಟ್ಟಿನ ಏರು ಹತ್ತಲಾರದೆ ಕೆಳಗೇ ನಿಂತಿತು, ನಾಲ್ಕು ಸಲದ ಮೇಲೆ ಬರುವುದನ್ನೂ ಬಿಟ್ಟಿತು. ಕಡೆಗೆ ಅವರೇ ಹೋಗಿ ಸಾವಂತ್ರವ್ವನವರ ಮುಂದೆ ನಿಂತು, ತಗ್ಗು ಮತ್ತೆ ಅಗೆಯಿರೆಂದು ಕೈಮುಗಿದು ಹೇಳಿದರು.

"ಉಡಿ ತುಂಬಿ ಮುಚ್ಚೇವ್ರಿ ಸಾಹೇಬ್ರ. ಮತ್ತ ಹ್ಯಾಂಗ ಅಗೀಲಿ? ನೀವು ಮಾತ ಕೊಟ್ಟೀರಿ, ನಾವು ಒಂದ ಮಳಿಗಾಲ ತಡೀತೇವಿ" ಎಂದರು ಆಕೆ.

ತಮ್ಮ ಮಾತನ್ನು ನಂಬಬೇಡಿರೆಂದು ಹೇಳಲು ಯಲಿಗಾರರಿಗೆ ಬಾಯಿ ಬರಲಿಲ್ಲ. ಅಂದು ಹೇಳಬೇಕಾಗಿತ್ತು, ಹಣ ಹೋಯಿತು, ಪೈಪು ಸದ್ಯಕ್ಕಿಲ್ಲ ಎಂದು ಬಿಡಿಸಿ ಹೇಳಬೇಕಾಗಿತ್ತು ಎಂದು ಅವರು ಇಂದಿಗೂ ಅನ್ನುತ್ತಾರೆ. ಹೇಳಲಿಲ್ಲ. ತಿರುಗಿ ಬಂದರು.

ಓಣಿಯ ಹೆಂಗಸರು ಏರಿನ ಬುಡದಲ್ಲಿ, ನೀರು ಬಿಡುವ ಫಕ್ಕೀರೇಶ ಚಾವಿ ತಿರುವುವ ವಾಲ್ವಿನ ಗುಂಡಿಯಲ್ಲಿ ಸೋರಿ ನಿಂತ ನೀರನ್ನು ತಂಬಿಗೆಯಿಂದ ಗೋರಿ ಕೊಡ ತುಂಬತೊಡಗಿದರು. ಫಕ್ಕೀರೇಶ ಬೇಡವೆಂದು ಕೂಗಾಡಿದ್ದುಂಟು. ಬೇರೆ ಎಲ್ಲಿಂದ ತರಬೇಕೆಂದು ಅವರು ಕೇಳಿದರೆ ಅವನು ಚಾವಿಯನ್ನು ಹೆಗಲಿಗೇರಿಸಿ ಮುಂದಿನ ಓಣಿಗೆ ಹೋಗುತ್ತಿದ್ದ. ಶ್ರಾವಣದ ಜಡಿಮಳೆಯಲ್ಲಿ ಗಟಾರ ತುಂಬಿ ಆ ಗುಂಡಿಗೆ ಹರಿಯಿತು. ಮನೆಮನೆಯಲ್ಲಿ ವಾಂತಿಭೇದಿ ಎದ್ದಿತು. ಉಳಿದವರೆಲ್ಲ ಚೇತರಿಸಿಕೊಂಡರು, ಮಂಜುಳಾ ಹಾವೇರಿಯ ಆಸ್ಪತ್ರೆಯ ದಾರಿಯಲ್ಲಿ, ಗಾಡಿಯಲ್ಲೇ, ತೀರಿಕೊಂಡಳು. ನೀರನ್ನು ಕಾಯಿಸಿ ಆರಿಸಿ ಕುಡಿಯಬೇಕೆಂಬ ಪ್ರಕಟಣೆಯನ್ನು ಕಚೇರಿಯಿಂದ ಮರುದಿನ ಹೊರಡಿಸಲಾಯಿತು.

ಯಲಿಗಾರರು ಮಂಜುಳಾಳ ಮಣ್ಣಿಗೆ ಹೋಗಿದ್ದರು. ಯಾರೂ ಅವರನ್ನು ಬೈಯಲಿಲ್ಲ. ಒಂದಿಷ್ಟು ದಿನ ಬಿಟ್ಟು ಮಾತಾಡಿಸಲೆಂದು ಮನೆಗೆ ಹೋದಾಗ ಸಾವಂತ್ರವ್ವನವರು "ಬರ್ರಿ, ಕುಂಡ್ರಿ" ಎಂದು ಚಾಪೆ ಹಾಸಿದರು. ಮನೆಗೆ ಬಂದವರ ಕೈಗೆ ಮೊದಲು ನೀರು ಕೊಡುವುದು ನಮ್ಮ ಕಡೆಯ ವಾಡಿಕೆ. ಹಗೆಯವನು ಬಂದರೂ ಅದು ತಪ್ಪುವುದಿಲ್ಲ. ಆಕೆ ಒಳಗೆ ಹೋಗಿ ತಂಬಿಗೆ ತುಂಬಿ ತಂದರು. ತಂದು, ಅವರ ಮುಂದೆ ನಿಂತು, ತಂಬಿಗೆಯನ್ನೇ ನೋಡಿದರು. "ಬ್ಯಾಡ್ರಿ. ಇದನ್ನ ನಿಮಗ ಹ್ಯಾಂಗ ಕೊಡ್ಲಿ" ಎಂದು ತಿರುಗಿ ಒಳಗೆ ಒಯ್ದರು. ಯಲಿಗಾರರು ಕೊಡಿರೆಂದು ಕೈ ಚಾಚಿದರೂ ಕೊಡಲಿಲ್ಲ. ಅಂದು ಅವರು ನೀರು ಕುಡಿಯದೆ ಆ ಮನೆಯ ಮೆಟ್ಟಿಲಿಳಿದರು. ಮೂರು ದಶಕಗಳ ಸೇವೆಯಲ್ಲಿ ಕೇಳಿದ ಬೈಗುಳವೆಲ್ಲ ಸೇರಿದರೂ ಆ ತಂಬಿಗೆಯಷ್ಟು ತಮಗೆ ನೋವು ಕೊಟ್ಟದ್ದಿಲ್ಲ ಎಂದು ಒಮ್ಮೆ ಮಾತ್ರ, ಜೀಪಿನಲ್ಲಿ ಬರುವಾಗ, ಕಚೇರಿಯಲ್ಲಿ ಅವರ ಜೊತೆ ದುಡಿಯುತ್ತಿದ್ದ ನಮ್ಮೆದುರು ಹೇಳಿದ್ದರು.

ಆ ವರ್ಷ ಸವಣೂರಿಗೇ, ತಮ್ಮ ಹುಟ್ಟೂರಿಗೇ, ವರ್ಗವಾಗುವ ಅವಕಾಶ ಅವರಿಗೆ ಬಂದಿತ್ತು. ವಯಸ್ಸಾದ ತಾಯಿ ಅಲ್ಲಿದ್ದರು, ಸರೋಜವ್ವನವರಿಗೂ ಮನಸ್ಸಿತ್ತು. ಅವರು ಹೋಗಲಿಲ್ಲ. ಉಳಿದು ಮಾಡಿದ್ದೇನೆಂದು ಕೇಳಿದರೆ ಹೇಳಲು ಸೊಗಸಾದದ್ದೇನೂ ಇಲ್ಲ. ಹಾವೇರಿಗೆ ಅಲೆದರು, ಹೊಸ ಸದಸ್ಯರ ಮನೆಗಳಿಗೆ ಅಲೆದರು, ಪ್ರತಿ ಸಭೆಯಲ್ಲೂ ಆ ತುಕ್ಕು ಹಿಡಿದ ತುಂಡನ್ನು ಮೇಜಿನ ಮೇಲಿಟ್ಟು ಅದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ಯಲಿಗಾರರು ಬಂದರೆಂದರೆ ಸದಸ್ಯರು ಚಹಾ ಕುಡಿಯುವ ನೆವದಿಂದ ಎದ್ದುಹೋಗುವುದು ಮಾಮೂಲಾಯಿತು. ಮುಂಚಿನಂತೆ ನಗುವುದನ್ನೂ, ನಗಿಸುವುದನ್ನೂ ಅವರು ಬಿಟ್ಟಿದ್ದರು. ಮನೆಯಲ್ಲಿ ಊಟಕ್ಕೆ ಕುಳಿತಾಗ ನೀರಿನ ಲೋಟವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂಡುತ್ತಿದ್ದರಂತೆ. ಸರೋಜವ್ವನವರು ಅದನ್ನು ಹೇಳುವಾಗ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

ನಿವೃತ್ತಿಗೆ ಮುಂಚಿನ ಚಳಿಗಾಲದಲ್ಲಿ, ಕೊನೆಗೂ, ಕುಂಬಾರ ಓಣಿಗೆ ಹೊಸ ಕರಿಯ ಪೈಪು ಬಂತು. ಗಟಾರದ ಮಗ್ಗುಲಲ್ಲಿ ಬೇಡ, ಓಣಿಯ ಎದುರು ಬದಿಯಲ್ಲಿ, ಗಟಾರಕ್ಕಿಂತ ಎತ್ತರದಲ್ಲಿ ಹಾಕಬೇಕೆಂದು ಹಟ ಹಿಡಿದು, ಅಗೆತದುದ್ದಕ್ಕೂ ತಾವೇ ನಿಂತು ಹಾಕಿಸಿದರು. ಫಕ್ಕೀರೇಶ ಮೊದಲ ಸಲ ನೀರು ಬಿಟ್ಟಾಗ ಅದು ಯಾರ ಆಸರೆಯೂ ಇಲ್ಲದೆ ಏರು ಹತ್ತಿ, ತುದಿಯ ಮನೆಯ ನಳದಲ್ಲಿ, ಸೊಂಟದೆತ್ತರದಲ್ಲಿ, ರಭಸದಿಂದ ಬಿತ್ತು. ಸಾವಂತ್ರವ್ವನವರ ಮನೆಯ ಮುಂದೆ ಓಣಿಗೆ ಓಣಿಯೇ ನೆರೆದಿತ್ತು. ಯಲಿಗಾರರು ಬೊಗಸೆಯೊಡ್ಡಿ ನೋಡಿದರು, ಮೂಸಿದರು, ಪರೀಕ್ಷೆಗೆಂದು ಬಾಟಲಿಗಳಲ್ಲಿ ತುಂಬಿಸಿದರು. ಪರೀಕ್ಷೆಯಲ್ಲಿಯೂ ನೀರು ಶುದ್ಧವೆಂದೇ ಬಂತು.

ಆ ಫಲಿತಾಂಶವನ್ನು ಹೇಳಲು ಅವರು ಮತ್ತೆ ಆ ಮನೆಗೆ ಹೋದರು. ನಾವೂ ಜೊತೆಗಿದ್ದೆವು. ಸಾವಂತ್ರವ್ವನವರು ಚಾಪೆ ಹಾಸಿ ಕೂರಿಸಿದರು, ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿದರು, ಚಲೋ ಆತು ಎಂದರು. ಆಮೇಲೆ ಎದ್ದು ಒಳಗೆ ಹೋಗಿ ಬೆಳಗಿದ ತಂಬಿಗೆಯಲ್ಲಿ ನೀರು ತಂದು, ಈ ಸಲ ನಿಲ್ಲದೆ, ನೇರವಾಗಿ ಯಲಿಗಾರರ ಕೈಗೇ ಕೊಟ್ಟರು. ಅವರು ಎರಡೂ ಕೈಯೊಡ್ಡಿ ತೆಗೆದುಕೊಂಡರು. ತಂಬಿಗೆಯನ್ನು ಬಾಯಿಗೆ ಎತ್ತುವಾಗ ಆಕೆ ಮೆಲ್ಲಗೆ ಹೇಳಿದರು:

"ಅಂಜಬ್ಯಾಡ್ರಿ ಸಾಹೇಬ್ರ, ಕುಡೀರಿ. ನಳದ್ದಲ್ಲ. ಫಿಲ್ಟರ್ ನೀರಿನ ಕ್ಯಾನ್ ತರಸ್ತೇವಿ."

ಯಲಿಗಾರರು ಕುಡಿದರು. ಪೂರ್ತಿ ಕುಡಿದು, ತಂಬಿಗೆಯನ್ನು ಕೆಳಗಿಟ್ಟು, ಬರ್ತೇನವ್ವ ಎಂದು ಎದ್ದರು. ಅಂಗಳದಲ್ಲಿ ಹೊಸ ನಳದ ನೀರಿನಿಂದ ಎಮ್ಮೆಯ ಮೈ ತೊಳೆಯುತ್ತಿದ್ದರು.

ಕುಂಬಾರ ಓಣಿಯವರು ಇಂದಿಗೂ ಇಮ್ಮಡಿ ಪಟ್ಟಿಯನ್ನು ತಪ್ಪದೆ ಕಟ್ಟುತ್ತಾರೆ. ಆ ನೀರಿನಲ್ಲಿ ಪಾತ್ರೆ ಬೆಳಗುತ್ತಾರೆ, ಅರಿವೆ ಒಗೆಯುತ್ತಾರೆ, ಗಡಿಗೆಯ ಮಣ್ಣು ಕಲಸುತ್ತಾರೆ. ಕುಡಿಯುವುದಿಲ್ಲ. ಊರಿನ ಉಳಿದ ಓಣಿಗಳಲ್ಲಿ ತಗ್ಗುಗಳು ಹಾಗೇ ಇವೆ, ಅವುಗಳ ಕೆಳಗೆ ಅಜ್ಜಂದಿರ ಕಾಲದ ಪೈಪೂ ಹಾಗೇ ಇದೆ. ನಿವೃತ್ತಿಯ ಸಮಾರಂಭದಲ್ಲಿ ಸಾವಂತ್ರವ್ವನವರ ಕೈಯಿಂದ ಶಾಲು ಹೊದಿಸೋಣವೆಂದು ಸಮಿತಿಯವರು ಸೂಚಿಸಿದಾಗ ಯಲಿಗಾರರು ಕಟ್ಟುನಿಟ್ಟಾಗಿ ಬೇಡವೆಂದರು. ಸವಣೂರಿಗೆ ಮರಳುವ ವಿಚಾರವನ್ನೂ ಸದ್ಯಕ್ಕೆ ಮುಂದೂಡಿದ್ದಾರೆ. ನೀರು ಬಿಡುವ ದಿನ ಬೆಳಿಗ್ಗೆ, ಈಗ ಯಾವ ಅಧಿಕಾರವೂ ಇಲ್ಲದೆ, ಫಕ್ಕೀರೇಶನ ಹಿಂದೆ ಆ ಏರು ಹತ್ತಿ ತುದಿಯ ನಳದವರೆಗೆ ಹೋಗಿಬರುತ್ತಾರೆ. ಸಾವಂತ್ರವ್ವನವರು ಕರೆದರೆ ಕಟ್ಟೆಯ ಮೇಲೆ ಕೂಡುತ್ತಾರೆ.

ಶ್ರೀ ಬಸವಣ್ಣೆಪ್ಪ ಯಲಿಗಾರರಿಗೂ ಶ್ರೀಮತಿ ಸರೋಜವ್ವನವರಿಗೂ ಆಯುಷ್ಯ, ಆರೋಗ್ಯ, ನೆಮ್ಮದಿಗಳನ್ನು ಕೋರುವುದು ಈ ಸಂಪುಟದ ಎಲ್ಲ ಲೇಖಕರಂತೆ ನಮ್ಮ ಕರ್ತವ್ಯವೂ ಹೌದು, ಮನಸಿನ ಬಯಕೆಯೂ ಹೌದು. ಸಾವಂತ್ರವ್ವನವರಿಗೂ ಅಷ್ಟೇ ದೀರ್ಘವಾದ ಆಯುಷ್ಯವನ್ನು ಇದೇ ಪುಟದಲ್ಲಿ ಕೋರುತ್ತೇವೆ. ಇಬ್ಬರೂ ಬಹಳ ದಿನ ಬದುಕಬೇಕು. ಆ ತಾಯಿ ಒಂದು ದಿನ ಅಂಗಳದ ನಳದಿಂದಲೇ ತಂಬಿಗೆ ತುಂಬಿ, ಮೊದಲು ತಾನೊಂದು ಗುಟುಕು ಕುಡಿದು, ಆಮೇಲೆ ಇವರ ಕೈಗೆ ಕೊಡುವವರೆಗಾದರೂ.